ಸವೇತಜ್ಜಿ ತೊಳೆದ ಎಲುಬು

ನನ್ನ ಬಾಯಿಗೆ ಬೀಗವಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಆ ಬಾಯಿಯೇ ನನ್ನ ಐದು ಬೇಸಿಗೆಯ ದುಡಿಮೆಯನ್ನು ನುಂಗಿತು. ಬೇರೆ ಯಾರನ್ನು ಬೈಯಲಿ?

ಹಾತ್ಸೆಗ್ ಕಣಿವೆಯ ಹೊಳೆದಂಡೆಯಲ್ಲಿ ಕೆಂಪು ಜೇಡಿಮಣ್ಣು ಕೆರೆದು ಡೈನೋಸಾರ್ ಎಲುಬು ಹುಡುಕುವುದು ನನ್ನ ಕೆಲಸ. ಕಾಗದದ ಮೇಲೆ ನಾನು ವಿಜ್ಞಾನಿ, ಊರವರ ಬಾಯಲ್ಲಿ ಮಣ್ಣು ಕೆರೆಯುವ ವೆಟೂರಿಯಾ. ಬೇಸಿಗೆಯುದ್ದಕ್ಕೂ ಸವೇತಜ್ಜಿಯ ಮನೆಯಲ್ಲೇ ಬಿಡಾರ. ಆಕೆ ಬೆಟ್ಟದ ಆಚೆಯಿಂದ ಮದುವೆಯಾಗಿ ಬಂದವಳು. ಗಂಡ ಕಲ್ಲಿದ್ದಲ ಗಣಿಯಲ್ಲಿದ್ದ. ಮೂವತ್ತು ವರ್ಷದ ಹಿಂದೆ ಬೆಂಕಿ ಹೊತ್ತಿ ಸುರಂಗ ಕುಸಿದಾಗ ಒಳಗೇ ಉಳಿದ. ಬೆಂಕಿ ಹರಡದಿರಲೆಂದು ಆ ಭಾಗಕ್ಕೇ ಗೋಡೆ ಕಟ್ಟಿ ಮುಚ್ಚಿಬಿಟ್ಟರು. ಅಜ್ಜಿ ಇದನ್ನು ನನಗೆ ಒಂದೇ ಒಂದು ಸಲ ಹೇಳಿದ್ದಳು, ಆಮೇಲೆ ಆ ಮಾತು ಎತ್ತಿದವಳಲ್ಲ.

"ಸತ್ತ ಹಲ್ಲಿಗಳ ಹಿಂದೆ ಬಿದ್ದು ಬಿಸಿಲಲ್ಲಿ ಸುಟ್ಟು ಕರಕಲಾದೆ. ಇದರಿಂದ ಯಾರ ಹೊಟ್ಟೆ ತುಂಬುತ್ತೆ ಹೇಳು?" ಎಂದು ಮಮಲಿಗ ಅನ್ನುವ ಮೆಕ್ಕೆಜೋಳದ ಮುದ್ದೆ ತಿರುವುತ್ತಾ ಕೇಳುವಳು.

"ಈ ಕಣಿವೆ ಒಂದು ಕಾಲಕ್ಕೆ ದ್ವೀಪ ಆಗಿತ್ತು ಅಜ್ಜಿ. ಸುತ್ತ ಸಮುದ್ರ, ಮೇವು ಕಮ್ಮಿ. ಬೇರೆ ಕಡೆ ಮನೆಗಿಂತ ದೊಡ್ಡದಾಗಿದ್ದ ಪ್ರಾಣಿ ಇಲ್ಲಿ ಎತ್ತಿನಷ್ಟೇ ಇತ್ತು."

"ನನ್ನ ಗಂಡನ ಮನೆಯೋರೂ ಹಂಗೇ, ಎಲ್ಲಾ ಕುಳ್ಳರು."

"ನಗಬೇಡಿ. ಹುಟ್ಟುವಾಗಲೇ ಸಣ್ಣವೋ, ಬರುಬರುತ್ತಾ ಬೆಳೆಯೋದು ನಿಂತಿತೋ, ನನಗೆ ಅದು ತಿಳೀಬೇಕು. ಇರೋ ಜಾಗ ಕುಗ್ಗಿದ್ರೆ ಜೀವ ಏನು ಮಾಡುತ್ತೆ ಅಂತ ಅವನ್ನೇ ಕೇಳ್ಬೇಕು. ನಾಳೆ ನಮಗೂ ಅದೇ ಗತಿ ಬಂದ್ರೆ?"

ಅಜ್ಜಿ ನನ್ನ ತಟ್ಟೆಗೆ ಇನ್ನೊಂದು ತುಂಡು ಗಿಣ್ಣು ಹಾಕಿ, "ಮೊದಲು ನೀನು ಕುಗ್ಗಬೇಡ, ತಿನ್ನು" ಅಂದಳು.

ಐದನೇ ಬೇಸಿಗೆಯ ಕೊನೆಗೆ ಒಂದು ಮೊಟ್ಟೆ ಸಿಕ್ಕಿತು. ಒಂದು ಪಕ್ಕ ಒಡೆದಿತ್ತು. ಭೂತಗನ್ನಡಿ ಹಿಡಿದೆ. ಒಳಗಿನ ಜೇಡಿಯಲ್ಲಿ ಅಕ್ಕಿ ನುಚ್ಚಿನಷ್ಟು ಸಣ್ಣ ಎಲುಬುಗಳು ಕಂಡವು. ಹುಟ್ಟದ ಮರಿ. ಅದರ ತೊಡೆಯ ಎಲುಬನ್ನು ತೆಳ್ಳಗೆ ಸೀಳಿ ನೋಡಿದರೆ ನನ್ನ ಪ್ರಶ್ನೆಗೆ ಉತ್ತರವಿತ್ತು. ಅಂಥದ್ದು ನನಗೆ ಮತ್ತೊಂದು ಸಿಕ್ಕಿರಲಿಲ್ಲ. ಎಲುಬುಗಳನ್ನು ಹಿಡಿದಿಟ್ಟದ್ದು ಆ ಜೇಡಿ ಮಾತ್ರ. ನೀರು ಸೋಕಿದರೆ ಎಲ್ಲವೂ ಹಿಟ್ಟಾಗುತ್ತಿತ್ತು.

ಹೆಂಟೆಯ ಸಮೇತ ಎತ್ತಿ, ಬಟ್ಟೆಯಲ್ಲಿ ಸುತ್ತಿ ತಂದು ಅಡುಗೆಮನೆಯ ಹಲಗೆಯ ಮೇಲಿಟ್ಟೆ. ಮೇಲೆ ಮೆತ್ತಲು ಪ್ಲಾಸ್ಟರ್ ಮುಗಿದಿತ್ತು, ಪೇಟೆಗೆ ಹೋಗಬೇಕಿತ್ತು.

"ಏನದು?" ಅಜ್ಜಿ ಕೇಳಿದಳು.

"ಮಗು, ಅಜ್ಜಿ. ಹುಟ್ಟೋಕೆ ಮುಂಚೆನೇ ಹೋಗ್ಬಿಡ್ತು."

"ಅಯ್ಯೋ. ಯಾವಾಗ?"

"ಏಳು ಕೋಟಿ ವರ್ಷ ಆಯ್ತು. ಪಾಪ, ಹೇಳೋರಿಲ್ಲ ಕೇಳೋರಿಲ್ಲ."

ಅಜ್ಜಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ನಾನು ನಕ್ಕು ಬಸ್ಸಿಗೆ ಓಡಿದೆ. ಮುಟ್ಟಬೇಡಿ ಎಂದು ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ.

ಮಧ್ಯಾಹ್ನ ಪ್ಲಾಸ್ಟರ್ ಚೀಲ ಹೊತ್ತು ಬಂದಾಗ ಮನೆಯೆಲ್ಲ ದ್ರಾಕ್ಷಾರಸದ ವಾಸನೆ. ಮೇಜಿನ ಮೇಲೆ ಬಿಳಿ ಟವೆಲ್, ಪಕ್ಕದಲ್ಲಿ ಉರಿಯುವ ಮೇಣದಬತ್ತಿ, ಸತ್ತವರ ಹೆಸರಲ್ಲಿ ಮಾಡುವ ಬೇಯಿಸಿದ ಗೋಧಿಯ ಸಿಹಿ. ಟವೆಲ್ಲಿನ ಮೇಲೆ ಏಳೆಂಟು ಚೂರು ಮೊಟ್ಟೆಚಿಪ್ಪು, ಥಳಥಳ ಹೊಳೆಯುವಂತೆ ತೊಳೆದಿಟ್ಟದ್ದು. ಅಷ್ಟೇ. ಜೇಡಿ ಇಲ್ಲ, ಮರಿಯ ಎಲುಬು ಒಂದೂ ಇಲ್ಲ.

"ನಮ್ಮ ಕಡೆ ಸತ್ತು ಏಳು ವರ್ಷಕ್ಕೆ ಗುಂಡಿಯಿಂದ ಎಲುಬು ತೆಗೆದು, ನೀರು, ದ್ರಾಕ್ಷಾರಸದಲ್ಲಿ ತೊಳೆದು ಮತ್ತೆ ಮಣ್ಣು ಮಾಡ್ತೀವಿ. ಇಲ್ದಿದ್ರೆ ಸತ್ತೋರಿಗೆ ನೆಮ್ಮದಿ ಇಲ್ಲ" ಅಂದಳು ಅಜ್ಜಿ. "ನೀವು ಓದಿದೋರು ಏಳು ಕೋಟಿ ವರ್ಷ ಬಿಟ್ಟಿದ್ದೀರಲ್ಲ, ನಾಚಿಕೆ ಆಗಲ್ವಾ?"

"ತೊಳೆದ ನೀರೆಲ್ಲಿ ಅಜ್ಜಿ?"

"ಪ್ಲಮ್ ಮರದ ಬುಡಕ್ಕೆ. ತುಳಿಯೋ ಜಾಗದಲ್ಲಿ ಚೆಲ್ಲಬಾರದು."

ಚಹಾ ಸೋಸುವ ಜಾಲರಿ ಹಿಡಿದು ಓಡಿದೆ. ಕೋಳಿಗಳು ಆ ಕೆಸರನ್ನು ಕೆದಕುತ್ತಿದ್ದವು. ಅಟ್ಟಿದೆ. ಮಂಡಿಯೂರಿ ಹಿಡಿ ಹಿಡಿಯಾಗಿ ಬಗೆದು, ಜಾಲರಿಗೆ ಹಾಕಿ ಬೆರಳಲ್ಲಿ ತಡಕಿದೆ. ಪ್ಲಮ್ ಬೀಜ ಸಿಕ್ಕಿತು, ಕೋಳಿಪುಕ್ಕ ಸಿಕ್ಕಿತು. ಮತ್ತೆ ಬಗೆದೆ. ಐದು ವರ್ಷ, ಒಂದು ತೊಡೆಯೆಲುಬು. ಮುದುಕಿಯನ್ನು ಹಿಡಿದು ಅಲುಗಾಡಿಸಬೇಕು ಅನ್ನಿಸುವಷ್ಟು ಸಿಟ್ಟು ಬಂತು. ಜೊತೆಗೇ ಅಳುವೂ ಬಂತು, ತಡೆಯಲಾಗಲಿಲ್ಲ.

ಅಜ್ಜಿ ಕಷ್ಟಪಟ್ಟು ನನ್ನ ಪಕ್ಕ ಕೂತಳು. ಒದ್ದೆ ಕೈಯನ್ನು ನನ್ನ ಬೆನ್ನ ಮೇಲಿಟ್ಟಳು. ಬೆರಳುಗಳು ನೀರಿನಲ್ಲಿ ನೆನೆದು ಸುಕ್ಕಾಗಿದ್ದವು.

"ಅಳು ಮಗಳೇ. ಅಳೋರು ಒಬ್ರು ಬೇಕು ಅದಕ್ಕೆ" ಅಂದಳು. "ನನ್ನ ಗಂಡನದು ತೊಳೆಯೋಕೆ ಒಂದು ಬೆರಳೂ ನನಗೆ ಕೊಡಲಿಲ್ಲ ಗಣಿಯೋರು. ಪ್ರತಿ ವರ್ಷ ದ್ರಾಕ್ಷಾರಸ ತೆಗೆದಿಡ್ತಿದ್ದೆ. ಈ ಸಲ ಅದು ಖರ್ಚಾಯ್ತು."

ಬೈಗುಳಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು.

"ನಾನು ತೊಳೆದದ್ದು ಇದೇ ಮೊದಲನೇ ಸಲ ನೋಡು. ನೀನು ಎಲುಬು ಬಲ್ಲೋಳು" ಅಂದಳು. "ಸರಿಯಾಗಿ ತೊಳೆದಿದ್ದೀನಾ?"

ಜಾಲರಿಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

"ಚೆನ್ನಾಗಿ ತೊಳೆದಿದ್ದೀರಿ ಅಜ್ಜಿ" ಅಂದೆ. "ಒಂಚೂರೂ ಮಣ್ಣು ಉಳಿದಿಲ್ಲ."