ಒಂಬತ್ತು ಮಂದಿ, ಒಂದು ಹೋರಿ

ನನ್ನಂಥ ಕತ್ತೆ ಹಲಗೇರಿಯಲ್ಲಿ ಇನ್ನೊಬ್ಬನಿಲ್ಲ. ತಂಗಿ ಕಾವ್ಯಾ ಕರುವಿನಿಂದ ಸಾಕಿ, ದೀಪಾವಳಿ ಹೋರಿ ಹಬ್ಬದ ಓಟಕ್ಕೆ ತಯಾರು ಮಾಡಿದ್ದ ಹೋರಿಯನ್ನು, ಅವಳು ಪರೀಕ್ಷೆಗೆಂದು ಹಾವೇರಿಗೆ ಹೋದ ದಿನ ಮಾರಿಬಿಟ್ಟೆ. ಗೋವಾಕ್ಕೆ ಹೋಗಿ ಪೋಕರ್ ಆಡಬೇಕಿತ್ತು ನನಗೆ, ಮಹಾ ಆಟಗಾರ. ಎರಡೇ ತಾಸಿನಲ್ಲಿ ಬರಿಗೈಯಲ್ಲಿ ಎದ್ದು ಬಂದೆ. ಅಂದಿನಿಂದ ಕಾವ್ಯಾ ಮಾತು ಬಿಟ್ಟಳು. ತಿಂಗಳಾಯಿತು, ತಾಟು ನನ್ನ ಮುಂದಿಟ್ಟು ಒಳಗೆ ಹೋಗುತ್ತಾಳೆ, ಅಷ್ಟೇ.

ಹೋರಿ ಕೊಂಡವನು ರಾಣೆಬೆನ್ನೂರಿನ ಬೀಜದ ವ್ಯಾಪಾರಿ ಪ್ರವೀಣಕುಮಾರ. ಅವನ ಶೋಕಿ ಮೂರೇ ವಾರಕ್ಕೆ ಇಳಿಯಿತು. ಭಾನುವಾರ ತನ್ನ ಗೋದಾಮಿನಲ್ಲಿ ಪೋಕರ್ ಪಂದ್ಯ ಇಟ್ಟು, ಹೋರಿಯನ್ನೇ ಬಹುಮಾನ ಎಂದ. ಒಂಬತ್ತು ಜನ. ಗೆದ್ದ ಒಬ್ಬನಿಗೆ ಹೋರಿ, ಉಳಿದ ಎಂಟು ಜನಕ್ಕೆ ಚಹಾ. ನಾನು ಬೈಕ್ ಮಾರಿ, ಪ್ರವೇಶದ ಹಣ ಕಟ್ಟಿ ಹೆಸರು ಕೊಟ್ಟೆ. ಹೊರಡುವಾಗ ಕಾವ್ಯಾಳಿಗೆ ಕೇಳಿಸಲೆಂದೇ ಹೇಳಿದೆ.

"ಹೋರಿ ಗೆದ್ಕೊಂಡ ಬರ್ತೇನಿ."

ಅವಳು ಪುಸ್ತಕದ ಹಾಳೆ ತಿರುವಿದಳು.

ವಾರವಿಡೀ ಮೊಬೈಲಿನಲ್ಲಿ ಪಾಠ ಕೇಳಿದ್ದೆ. ಜನ ಕಡಿಮೆ, ಬಹುಮಾನ ಒಂದೇ ಇದ್ದರೆ ಕಾದು ಕೂತವನು ಕೆಟ್ಟ. ಎಲೆ ನೋಡುವ ಮೊದಲೇ ಸರದಿಯಂತೆ ಇಡಬೇಕಾದ ಚಿಪ್ಸು, ಅಂದರೆ ಹಣದ ಬದಲಿನ ಬಿಲ್ಲೆ, ಇಪ್ಪತ್ತು ನಿಮಿಷಕ್ಕೊಮ್ಮೆ ಏರುತ್ತದೆ, ಸುಮ್ಮನೆ ಕೂತರೂ ನಿಮ್ಮ ರಾಶಿ ಕರಗುತ್ತದೆ. ಎದುರಿನವನು ಅಂಜಿದಾಗ ನೀವು ನುಗ್ಗಬೇಕು. ಎಲ್ಲವೂ ಬಾಯಿಪಾಠವಾಗಿತ್ತು.

ಕೂತ ಮೇಲೆ ನುಗ್ಗಲು ಧೈರ್ಯವೇ ಬರಲಿಲ್ಲ. ಯಾರಾದರೂ ಜೋರು ಮಾಡಿದರೆ ಸಾಕು, ಎಲೆ ಬಿಸಾಕುತ್ತಿದ್ದೆ. ಪಾರಾದೆ ಅನ್ನಿಸುತ್ತಿತ್ತು. ಒಬ್ಬೊಬ್ಬರೇ ಸೋತು ಎದ್ದರು. ಮಧ್ಯಾಹ್ನ ಮೂರಕ್ಕೆ ಉಳಿದವರು ಇಬ್ಬರೇ, ನಾನು ಮತ್ತು ಅರವತ್ತು ದಾಟಿದ ಗುತ್ತಲದ ಹೊಳಿಯಪ್ಪ. ಅವರ ಮುಂದೆ ಚಿಪ್ಸಿನ ಗುಡ್ಡೆ, ನನ್ನ ಮುಂದೆ ಒಂದು ಬೊಗಸೆ. ಹೊರಗೆ ಕಟ್ಟಿದ್ದ ಹೋರಿ ತಲೆ ಕೊಡವಿದಾಗಲೆಲ್ಲ ಕೊರಳ ಗಂಟೆ ಸದ್ದಾಗುತ್ತಿತ್ತು.

ಆಗ ನನಗೆ ಒಂಬತ್ತರ ಜೋಡಿ ಬಂತು. ಇಬ್ಬರೇ ಇದ್ದಾಗ ಅದು ಚಿನ್ನ.

ಹೊಳಿಯಪ್ಪ ಗುಡ್ಡೆಯನ್ನೇ ಮುಂದೆ ತಳ್ಳಿದರು. "ಎಲ್ಲಾ ಇಟ್ಟೇನಿ. ನೋಡ್ತಿ ಏನ?"

ನೋಡಬೇಕೆಂದರೆ ನನ್ನ ಬೊಗಸೆಯನ್ನೂ ಪೂರಾ ಇಡಬೇಕು. ನೋಡಿ ಸೋತರೆ ಈಗಲೇ ಎಲ್ಲ ಮುಗಿಯಿತು. ಬಿಟ್ಟರೆ ಇನ್ನೊಂದಿಷ್ಟು ಹೊತ್ತು ಆಸೆಯಾದರೂ ಉಳಿಯುತ್ತದೆ. ದೇವರೇ, ಇನ್ನೊಂದಿಷ್ಟು ಹೊತ್ತು. ಒಂಬತ್ತರ ಜೋಡಿಯನ್ನು ಬಿಸಾಕಿದೆ.

ಅವರು ತಮ್ಮ ಎಲೆ ತಿರುವಿ ತೋರಿಸಿದರು. ಒಂದು ಏಳು, ಒಂದು ಎರಡು. ಕಸ.

ಆಮೇಲೆ ಆಟವೇನು ಬಂತು, ಮಣ್ಣು. ಹತ್ತು ನಿಮಿಷದಲ್ಲಿ ಬೊಗಸೆ ಹಿಡಿಯಾಯಿತು. ಬೇರೆ ದಾರಿಯಿಲ್ಲದೆ ಒಂದು ಗುಲಾಮ, ಒಂದು ಮೂರು ಹಿಡಿದು ಇದ್ದಷ್ಟನ್ನೂ ಇಟ್ಟೆ. ಅವರಿಗೆ ರಾಣಿಯ ಜೋಡಿ ಬಿತ್ತು.

"ತಮ್ಮಾ, ನೀ ಹೋರಿ ಹಂಗ ಆಡಿದಿ," ಎಂದರು ಹೊಳಿಯಪ್ಪ ಮೆಲ್ಲಗೆ. "ಹಬ್ಬದಾಗ ಯಾರ ಕೈಗೂ ಸಿಗಲಾರದ ಪಾರಾದ ಹೋರಿಗೆ ಬಹುಮಾನ. ಇಲ್ಲಿ ಹಿಡದಾಂವಗ ಬಹುಮಾನ."

ಹಾಳು ಬುದ್ಧಿ ನನ್ನದು. ಚಿಕ್ಕಂದಿನಿಂದ ಆ ಓಟ ನೋಡಿಯೇ ಬೆಳೆದವನು, ತಪ್ಪಿಸಿಕೊಳ್ಳುವುದನ್ನೇ ಗೆಲುವು ಅಂದುಕೊಂಡಿದ್ದೆ.

ಹೊಳಿಯಪ್ಪ ತರಿಸಿದ ಗೂಡ್ಸ್ ಗಾಡಿಗೆ ಹೋರಿ ಹತ್ತಲಿಲ್ಲ. ಆರು ಜನ ನೂಕಿದರು, ಬಾಲ ತಿರುವಿದರು, ಅದು ಕಾಲೂರಿ ನಿಂತಿತು. ಒಬ್ಬ ಬಡಿಗೆ ಎತ್ತಿದ.

"ಬಡೀಬ್ಯಾಡ್ರಿ," ಎಂದೆ. "ನಮ್ಮ ತಂಗೀನ್ನ ಕರಸ್ತೇನಿ."

ಫೋನ್ ಮಾಡಿ, ಹೋರಿ ಗಾಡಿ ಹತ್ತವಲ್ದು, ಗೋದಾಮಿಗೆ ಬಾ ಎಂದೆ. ತಿಂಗಳ ಮೇಲೆ ಅವಳ ದನಿ ಕೇಳಿದೆ.

"ಖರೇನ ಗೆದ್ದಿ ಏನಣ್ಣಾ?"

"ಲಗೂ ಬಾ," ಎಂದು ಫೋನ್ ಇಟ್ಟೆ.

ಅರ್ಧ ತಾಸಿನಲ್ಲಿ ಆಟೋ ಇಳಿದು ಓಡಿಬಂದಳು. ನನ್ನ ತೋಳು ಹಿಡಿದು ನಕ್ಕಳು. ಹಗ್ಗ ಬಿಚ್ಚಿ, ಹೋರಿಯ ಕೊರಳಡಿಯ ಗಂಗೆದೊಗಲು ತುರಿಸುತ್ತ ಏನೋ ಪಿಸುಗುಟ್ಟಿದಳು. ಅದು ಅವಳ ಹಿಂದೆಯೇ ಗಾಡಿ ಹತ್ತಿತು.

"ಅಣ್ಣಾ, ನೀ ಮುಂದ ಕುಂದ್ರು. ಮನಿಗೆ ಹೋಗೂಣು."

ಮುಂದಿನ ಸೀಟಿಗೆ ಹೊಳಿಯಪ್ಪ ಹತ್ತಿದರು.

"ಇವರ‍್ಯಾರಣ್ಣಾ?"

"ಗೆದ್ದವರು," ಎಂದೆ.

ಕಾವ್ಯಾ ಗಾಡಿಯಿಂದ ಇಳಿಯಲಿಲ್ಲ. ಹೋರಿಯ ಕೊರಳು ತಬ್ಬಿ ಹೊಳಿಯಪ್ಪನವರ ಕಡೆ ತಿರುಗಿದಳು.

"ಯಜ್ಜಾ, ನಿಮ್ಮೂರ ತನಕ ನಾನೂ ಬರ್ತೇನ್ರಿ. ಗಾಡ್ಯಾಗ ಇದು ಒಂದ ಇದ್ರ ಅಂಜತೈತ್ರಿ."