ನಂಬರು ಹಿಡಿದು ಬಂದವರು

ನಾನೊಂದು ಕಂಪ್ಯೂಟರ್. ಯಾವ ಕಾರ್ಖಾನೆಯಲ್ಲಿ ಹುಟ್ಟಿದೆನೋ ಗೊತ್ತಿಲ್ಲ. ಬುದ್ಧಿ ಬಂದಾಗ ಗದಗಿನಲ್ಲಿ ಸುವರ್ಣಕ್ಕನ ಅಂಗಡಿಯ ಮೇಜಿನ ಕೆಳಗಿದ್ದೆ. ಹಾಗಾಗಿ ಜನರ ಮುಖಕ್ಕಿಂತ ಚಪ್ಪಲಿಗಳೇ ನನಗೆ ಹೆಚ್ಚು ಪರಿಚಯ. ಊರವರ ವೆಬ್‌ಸೈಟುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೇಳಿದವರಿಗೆ ತೋರಿಸುವುದು ನನ್ನ ಉದ್ಯೋಗ.

ಮೊದಲ ಬಾಡಿಗೆದಾರರು ಬ್ಯಾಂಡ್ ಮಾಸ್ತರ ದಾವಲಸಾಬರು. ಸೈಟಿಗೆ ಹೆಸರು ಸಿಗುವವರೆಗೆ, ಇಂಟರ್ನೆಟ್ಟಿನಲ್ಲಿ ಈ ಕಂಪ್ಯೂಟರಿನ ವಿಳಾಸವಾದ ನಂಬರನ್ನೇ ಒತ್ತಿ ನೋಡಿ ಎಂದಳು ಸುವರ್ಣಕ್ಕ. ಒತ್ತಿದರೆ ಬ್ಯಾಂಡಿನ ಫೋಟೊ ಬಂತು. ಅಷ್ಟಕ್ಕೇ ಉಬ್ಬಿಹೋಗಿ ಆ ನಂಬರನ್ನು ಡೋಲಿನ ಮೇಲೆ ಕೆಂಪಕ್ಷರದಲ್ಲಿ ಬರೆಸಿಬಿಟ್ಟರು. ಆಮೇಲೆ ಹೆಸರು ಸಿಕ್ಕರೂ ಅಳಿಸಲಿಲ್ಲ.

ಹಿಂದೆಯೇ ಹಲ್ಲಿನ ಡಾಕ್ಟರು ಇನಾಮದಾರರು ಬಂದರು. ಶುರುವಾಯಿತು ನೋಡಿ ನನ್ನ ಪಜೀತಿ! ಸೈಟಿಗೊಂದು ಸರ್ವರ್, ಅಂದರೆ ಅದನ್ನು ತೋರಿಸುವ ಪ್ರೋಗ್ರಾಂ, ಇದೆ; ಆದರೆ ಹೊರಗಿನವರು ಬರುವ ಬಾಗಿಲು, ಅಂದರೆ ಪೋರ್ಟು, ಒಂದೇ. ಬ್ಯಾಂಡಿನ ಸರ್ವರ್ ಹೊಸ್ತಿಲಲ್ಲಿ ಕಾಲು ಚಾಚಿ ಕೂತಿದೆ. ಡಾಕ್ಟರದ್ದು ಜಾಗವಿಲ್ಲವೆಂದು ಗೊಣಗಿ ಮಲಗಿಬಿಡುತ್ತದೆ. ಕೊನೆಗೆ ಸುವರ್ಣಕ್ಕ ಎರಡನ್ನೂ ಒಳಕೋಣೆಗೆ ದಬ್ಬಿ, ಬಾಗಿಲಿಗೊಂದು ಕಾವಲಿನ ಪ್ರೋಗ್ರಾಂ ಕೂರಿಸಿದಳು. ಯಾವ ಸೈಟಿನ ಹೆಸರು ಹೇಳಿದರೆ ಆ ಕೋಣೆಗೆ ಕಳಿಸುವುದು. ಬರೀ ನಂಬರು ಹಿಡಿದು ಬಂದವರನ್ನು ಮೊದಲ ಕೋಣೆಗೆ. ಡಾಕ್ಟರೆಂದರೆ ಮರ್ಯಾದೆ ಕೊಡಬೇಡವೇ? ಮೊದಲ ಕೋಣೆಯನ್ನು ಅವರಿಗೇ ಕೊಟ್ಟಳು. ಡೋಲಿನ ಮೇಲಿನ ನಂಬರು ಅವಳಿಗೆ ನೆನಪಾಗಲಿಲ್ಲ.

ಮದುವೆಯ ಕಾಲ ಹತ್ತಿರ ಬಂತು. ಬ್ಯಾಂಡನ್ನು ಕೇಳುವವರೇ ಇಲ್ಲ. ಕ್ಲಾರಿಯೊನೆಟ್ ಊದುವ ಯಮನಪ್ಪ, ಈ ವಾರ ಕೆಲಸ ಸಿಗದಿದ್ದರೆ ಗೋಡೌನಿನ ಕಾವಲಿಗೆ ಸೇರುತ್ತೇನೆಂದ. ಅವನು ಹೋದರೆ ಬ್ಯಾಂಡು ಮುಗಿದಂತೆಯೇ. ದಾವಲಸಾಬರು ದಿನಾ ಅಂಗಡಿಗೆ ಬಂದು, ಸೈಟಿನಲ್ಲಿ ಯಾರಾದರೂ ಕೇಳಿದರೇ ಎಂದು ವಿಚಾರಿಸಿ ಹೋಗುತ್ತಿದ್ದರು. ತಪ್ಪೆಲ್ಲಿದೆಯೆಂದು ನನಗೆ ಗೊತ್ತಿತ್ತು. ಏನು ಮಾಡಲಿ, ಬಾಯಿಲ್ಲ.

ಅತ್ತ ಡಾಕ್ಟರಿಗೆ ಸುಗ್ಗಿ. ಅವರ ಸೈಟಿನಲ್ಲಿದ್ದದ್ದು ಬಿಳಿ ಕೋಟಿನ ನಗುಮುಖದ ಫೋಟೊ, ಬರುವವರು ತಮ್ಮ ಹೆಸರು, ಫೋನು ಮತ್ತು ಹೊತ್ತು ಬರೆಯುವ ಜಾಗ, ಅಷ್ಟೇ. ಡೋಲಿನ ಮೇಲಿನ ನಂಬರು ಒತ್ತಿ ಅಲ್ಲಿಗೆ ಬಂದು, ಕೋಟನ್ನು ಬ್ಯಾಂಡಿನವರ ಸಮವಸ್ತ್ರವೆಂದುಕೊಂಡ ಜನ ಮುಹೂರ್ತದ ಹೊತ್ತನ್ನು ಬರೆದು ನಿಶ್ಚಿಂತರಾದರು. ಮೊದಲ ಮುಹೂರ್ತದ ದಿನ ಡಾಕ್ಟರು ಕೋಳಿ ಕೂಗುವ ಮುನ್ನವೇ ದವಾಖಾನೆ ತೆರೆದು, ಹೊತ್ತು ಬರೆದವರು ಹಲ್ಲು ತೋರಿಸಲು ಬರುತ್ತಾರೆಂದು ಕಾದರು. ಯಾರೂ ಬಾರದಾಗ ಫೋನು ಮಾಡಿದರು.

"ಎಲ್ಲದೀರಿ? ಮದುಮಗ ಕುದುರಿ ಮ್ಯಾಲ ಕುಂತಾನ," ಎಂದ ಹೆಣ್ಣಿನ ತಂದೆ.

"ನಾ ಇಕ್ಕಳಾ ಹಿಡ್ಕೊಂಡು ಕುಂತೀನ್ರಿ," ಎಂದರು ಡಾಕ್ಟರು.

"ಇಕ್ಕಳಾ ಯಾಕ್ರಿ? ಪೀಪಿ ತಗೊಂಡ್ ಬರ್ರಿ!"

ಡಾಕ್ಟರು ಕೆಂಡವಾಗಿ ಬಂದು ಸುವರ್ಣಕ್ಕನಿಗೆ ಇದನ್ನೆಲ್ಲ ಒಪ್ಪಿಸಿದರು. ಅವಳು ಹಣೆ ಚಚ್ಚಿಕೊಂಡು ದಾವಲಸಾಬರಿಗೆ ಫೋನು ಮಾಡಿದಳು. ಬ್ಯಾಂಡಿನವರು ದಾರಿಯಲ್ಲೇ ಗುಂಡಿ ಹಾಕಿಕೊಳ್ಳುತ್ತ ಓಡಿದರು. ಸ್ವಲ್ಪ ಹೊತ್ತಿಗೆ ಯಮನಪ್ಪ ಊದುವುದು ಅಂಗಡಿಗೂ ಕೇಳಿತು. ಮಿಕ್ಕ ಮದುವೆಗಳನ್ನೂ ಡಾಕ್ಟರು ಬ್ಯಾಂಡಿಗೇ ಬಿಟ್ಟುಕೊಟ್ಟರು, ಮೊದಲ ಕೋಣೆಯನ್ನೂ.

ಈಗ ನನಗೆ ವಯಸ್ಸಾಯಿತು. ಗುಜರಿಗೆ ಹೊರಟವನನ್ನು ದಾವಲಸಾಬರು ತಂದು ವಾದ್ಯಗಳ ಕೋಣೆಯ ಮೂಲೆಯಲ್ಲಿ ಇಟ್ಟುಕೊಂಡಿದ್ದಾರೆ. ನನ್ನ ಬಾಗಿಲಿಗೆ ಯಾರೂ ಬರುವುದಿಲ್ಲ. ಹೋದ ವರ್ಷ ಯಮನಪ್ಪನ ಮುಂದಿನ ಹಲ್ಲು ಬಿದ್ದಾಗ, ಊದಲು ಬರುವಂತೆ ಹೊಸ ಹಲ್ಲು ಕೂರಿಸಿದವರು ಅದೇ ಇನಾಮದಾರರು. ದಿನಾ ಬೆಳಿಗ್ಗೆ ಅವನು ನನ್ನ ಪಕ್ಕದಲ್ಲೇ ಕೂತು ಊದುತ್ತಾನೆ. ಒಮ್ಮೊಮ್ಮೆ ಅಪಸ್ವರ ಬರುತ್ತದೆ. ಬರಲಿ ಬಿಡಿ, ಗೋಡೌನಿಗಂತೂ ಹೋಗಲಿಲ್ಲವಲ್ಲ.