ಹೊಳೆಯುವ ನೆಲದ ಕಲ್ಲು

ಆ ದಿನ ಬೆಳಿಗ್ಗೆ ಯೆಣೆಗೂರಿನ ಮೇಲೆ ಮೋಡ ತಣ್ಣಗೆ ಕವಿದಿತ್ತು. ಹಿಂದಿನ ದಿನ ಬಿದ್ದ ಮುಂಗಾರಿನ ಮಿರಗದ ಮಳೆಗೆ ಎರೆಮಣ್ಣು ಉಬ್ಬಿ, ಕಾಲಿಟ್ಟರೆ ಅಂಟಿಕೊಳ್ಳುತ್ತಿತ್ತು. ಹೊಲಕ್ಕೆ ಹೋಗುವಂತಿಲ್ಲದೆ ಕಲ್ಯಾಣಪ್ಪ ಪಡಸಾಲೆಯಲ್ಲಿ ಕೂತಿದ್ದ.

ಎದುರಿಗೆ ವೈಜನಾಥ. ಬೀದರ ಕಡೆಯವನು, ಕಲ್ಲು ಮಣ್ಣಿನ ವಿದ್ಯೆ ಓದಿದವನು. ಬಾವಿಗೆ ಜಾಗ ಗುರುತಿಸಲು ಹೈದರಾಬಾದಿನಿಂದ ಬಂದು ಇವರಲ್ಲೇ ಇಳಿದಿದ್ದ. ಮಜ್ಜಿಗೆ ಕುಡಿಯುತ್ತಿದ್ದವನ ಕಣ್ಣು ಗೋಡೆಯ ಗೂಡಿನ ಮೇಲೆ ನಿಂತಿತು. ಅಲ್ಲಿ ವಿಭೂತಿ ಬಳಿದ ಮುಷ್ಟಿಯಷ್ಟು ಕರಿಕಲ್ಲು, ಅದರ ಮುಂದೆ ಎರಡು ಕಣಗಿಲ ಹೂ.

"ಅದೇನ್ರಿ, ಯಜಮಾನ್ರ?"

"ನಮ್ಮ ಹೊಲದ ದೇವರ್ರಿ. ಪೋಲೀಸ್ ಆ್ಯಕ್ಷನ್ ಆದ ಮರುವರ್ಷ ಬೇವಿನ ಬುಡಕ್ಕ ಕುಂಟಿ ಹೊಡಿಯೋ ಮುಂದ ಎದ್ದು ಬಂತು. ಅಂವಾ ಬಂದಾಗಿಂದ ನೆಲದಾಗಿನ ಜ್ವಾಳದ ಹಗೇವು ಬರಿದಾಗಿಲ್ಲ."

ಒಳಗಿನಿಂದ ಹೆಂಡತಿ ಕಸ್ತೂರಬಾಯಿಯ ದನಿ ಬಂತು. "ಎದಿ ಮ್ಯಾಲ ಲಿಂಗ ಇಟ್ಕೊಂಡು ಹೊಲದ ಕಲ್ಲಿಗಿ ಕೈ ಮುಗಿತಾರ ನೋಡ್ರಿ. ಶರಣಸತಿಗಿ ಲಿಂಗಪತಿ ಒಬ್ಬ ಸಾಲದ ಇಬ್ಬರು ಗಂಡರು ಬೇಕಾಗ್ಯಾರ."

"ಆ ಹೂವ ಯಾರು ಇಟ್ಟಾರ, ಅದೂ ಹೇಳು," ಎಂದ ಕಲ್ಯಾಣಪ್ಪ. ಒಳಗೆ ರೊಟ್ಟಿ ಬಡಿಯುವ ಸದ್ದು ಜೋರಾಯಿತು.

ವೈಜನಾಥ ಅಪ್ಪಣೆ ಕೇಳಿಕೊಂಡು ಕಲ್ಲನ್ನು ಎತ್ತಿದ. ಅದರ ಭಾರಕ್ಕೆ ಕೈ ತುಸು ಇಳಿಯಿತು. ಚೀಲದಿಂದ ಒರಟು ಪಿಂಗಾಣಿಯ ಬಿಲ್ಲೆ ತೆಗೆದು ಅದರ ಮೇಲೆ ಒಂದು ಮೂಲೆ ಉಜ್ಜಿದ. ಕೆಂಪು ಬೆರೆತ ಕಪ್ಪು ಗೆರೆ ಮೂಡಿತು. ಇನ್ನೊಂದು ಬದಿಗೆ ಮೀನಿನ ಪೊರೆಯಂಥ ಬೆಳ್ಳನೆಯ ಚೂರುಗಳು ಅಂಟಿದ್ದವು.

"ಪರೀಕ್ಷಾ ಮಾಡಿದ್ರ ಖಾತ್ರಿ ಆಗ್ತದ. ನನಗನಸೋದು ಇದು ಟ್ಯಾಂಟಲೈಟ್. ಟ್ಯಾಂಟಲಮ್ ಅನ್ನೋ ಲೋಹ, ಕಬ್ಬಿಣ, ಆಮ್ಲಜನಕ ಎಲ್ಲಾ ಕೂಡಿ ಆದ ಕಲ್ಲು."

"ಹಂಗಾರ ಹೊಲದಾಗ ಇನ್ನೂ ಇರಬೇಕಲ್ರಿ."

"ಇರಂಗಿಲ್ರಿ. ಉಮರ್ಗಾ, ನಿಲಂಗಾ, ಉದಗೀರ, ಈ ಸೀಮಿ ಎಲ್ಲಾ ಜ್ವಾಲಾಮುಖಿಯ ಬೆಂಕಿ ಹರಿದು ಆರಿದ ಕರಿಕಲ್ಲು. ಅದರಾಗ ಇದು ಹುಟ್ಟಂಗಿಲ್ಲ. ಹಳೇ ಬಂಡೆಗಲ್ಲಿನ ಬಿರುಕಿನಾಗ, ಬೆಣಚುಕಲ್ಲು, ಈ ಬೆಳ್ಳನ ಚೂರಿನಂಥ ಅಭ್ರಕ ಇದ್ದಲ್ಲಿ ಹುಟ್ತದ. ನೆಲ್ಲೂರ ಕಡಿ ಅಭ್ರಕದ ಗಣಿ ಅದಾವ, ಅಂಥಲ್ಲಿ. ಬಿಸಿಲು ಬಿತ್ತಂದ್ರ ಅಲ್ಲಿ ನೆಲಾನೇ ಹೊಳೀತದ. ಇದನ್ನ ಯಾರೋ ತಂದಾರ್ರಿ."

ಕಲ್ಯಾಣಪ್ಪ ತಲೆ ತಗ್ಗಿಸಿದ. ನೆಲ ಹೊಳೆಯುವ ಮಾತನ್ನು ಅವನು ಮೊದಲೂ ಕೇಳಿದ್ದ. ಓಣಿಯ ಕೊನೆಯ ತುಳಜಾಬಾಯಿ ಹೇಳುತ್ತಿದ್ದಳು. ಅವಳ ಗಂಡ ಬಕ್ಕಪ್ಪ ನೆಲ್ಲೂರಿನ ಗಣಿಗೆ ದುಡಿಯಲು ಹೋಗಿ, ಅಲ್ಲಿಂದ ಒಂದು ಭಾರದ ಕಲ್ಲನ್ನು ಹೆಂಡತಿಗೆ ತೋರಿಸಲೆಂದೇ ತಂದಿದ್ದನಂತೆ. ಮತ್ತೆ ಹೋದವನು ತಿರುಗಿ ಬರಲಿಲ್ಲ. ರಜಾಕಾರರ ಹೆದರಿಕೆಯ ವರ್ಷ ಊರವರು ಗಂಟುಗಳನ್ನು ಹೊಲಗಳಲ್ಲಿ ಹೂತು ಸೊಲ್ಲಾಪುರದ ಕಡೆ ಹೋದಾಗ ಅವಳೂ ಆ ಕಲ್ಲನ್ನು ಒಂದು ಬೇವಿನ ಬುಡದಲ್ಲಿ ಹೂತಳು. ಬಂದು ನೋಡಿದರೆ ಯಾವ ಬೇವಿನ ಬುಡವೆಂಬುದೇ ತಿಳಿಯದು. ಅಗೆದು ಅಗೆದು ಸೋತು ಅತ್ತಿದ್ದಳು. "ಕಲ್ಲಿನ ಸೀಮಿಯೊಳಗ ಕಲ್ಲು ಕಳಕೊಂಡಾಕಿ" ಎಂದು ಕಟ್ಟೆಯ ಮೇಲೆ ಮೊದಲು ನಕ್ಕವನು ಕಲ್ಯಾಣಪ್ಪನೇ.

"ಬಕ್ಕಪ್ಪನ ಕಲ್ಲು ಇದು. ತುಳಜಾಬಾಯಿಗಿ ಕೊಟ್ಟು ಬರ್ತೀನಿ," ಎಂದು ಅವನು ಎದ್ದು ತಂಬಿಗೆಯ ನೀರಲ್ಲಿ ಕಲ್ಲಿನ ವಿಭೂತಿ ತೊಳೆಯತೊಡಗಿದ. ಕಸ್ತೂರಬಾಯಿ ಹೊಸ್ತಿಲಿಗೆ ಬಂದು ನಿಂತಳು. ಈಗ ಅವಳ ದನಿಯಲ್ಲಿ ಕುಚೋದ್ಯ ಇರಲಿಲ್ಲ.

"ನಾಕು ದಿನದಾಗ ಬಿತ್ತಿಗಿ ಅದ. ಅದು ಮುಗದ ಮ್ಯಾಲ ಕೊಟ್ರ ಆಗಂಗಿಲ್ಲೇನ್ರಿ? ಹಗೇವು ಬರಿದಾದ್ರ?"

"ಆರು ವರ್ಷ ತುಂಬಿಸಿದಂವಾ ಇಲ್ಲೇ ಅದಾನ," ಎಂದು ಕಲ್ಯಾಣಪ್ಪ ಎದೆಯ ಮೇಲಿನ ಲಿಂಗವನ್ನು ಮುಟ್ಟಿದ. "ಇದು ಆಕಿದು."

ಕಸ್ತೂರಬಾಯಿ ಒಳಗೆ ಹೋಗಿ ಮಡಿಯ ಅರಿವೆಯೊಂದನ್ನು ತಂದುಕೊಟ್ಟಳು.

ಓಣಿಯ ಕೊನೆಯಲ್ಲಿ ತುಳಜಾಬಾಯಿ ತನ್ನ ಬಾಗಿಲಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. "ಯಾಕೋ ಕಲ್ಯಾಣಪ್ಪಾ, ಕೆಸರಾಗ ಬಂದೀದಿ?" ಎಂದಳು. ಅವನು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, ಅರಿವೆ ಬಿಚ್ಚಿ, ಎರಡೂ ಕೈಯಿಂದ ಕಲ್ಲನ್ನು ಅವಳ ಅಂಗೈಗಿಟ್ಟ.